ಕೊಸರಿಗಾಗಿ ಕೊಳ್ಳುವವರು

ಸಂತೆಯಲ್ಲಿ ಸೊಪ್ಪಿನವಳು ಎರಡು ಕಟ್ಟು ದಂಟಿನ ಸೊಪ್ಪಿನ ಮೇಲೆ ನಾಲ್ಕು ಎಳೆ ಕೊತ್ತಂಬರಿ ಕೊಸರು ಹಾಕುವುದು ಗಿರಾಕಿಯ ಮೇಲಿನ ಮಮತೆಯಿಂದಲ್ಲ, ಅವನು ಪಕ್ಕದ ಬುಟ್ಟಿಯ ಕಡೆ ಕಣ್ಣು ಹಾಯಿಸದಿರಲಿ ಎಂದು. ಇದು ಅವಳಿಗೂ ಗೊತ್ತು, ಗಿರಾಕಿಗೂ ಗೊತ್ತು. ಆದರೆ ಆ ಕೊತ್ತಂಬರಿಗಾಗಿಯೇ ಸಮುದ್ರದಾಚೆಯಿಂದ ಯಾರೋ ಬಂದು, ಸೊಪ್ಪಿನ ಬೆಲೆಗಿಂತ ಹೆಚ್ಚು ತೆತ್ತು, ಮನೆಗೆ ಒಯ್ದು ಗಾಜಿನ ಕಪಾಟಿನಲ್ಲಿಟ್ಟು, ‘ಇದು ಅಲ್ಲಿ ಬಿಟ್ಟರೆ ಬೇರೆಲ್ಲೂ ಸಿಗುವುದಿಲ್ಲ’ ಎಂದು ನೆಂಟರಿಗೆ ತೋರಿಸಿದರೆ? ಪಾಶ್ಚಾತ್ಯ ರಾಕ್ ಸಂಗೀತದ ಸಂಗ್ರಾಹಕರು ದಶಕಗಳಿಂದ ಮಾಡುತ್ತಿರುವುದು ಇದನ್ನೇ. ಅವರ ಸಂತೆ ಇರುವುದು ಜಪಾನಿನಲ್ಲಿ.

ಒಂದೇ ಬ್ಯಾಂಡು, ಒಂದೇ ಆಲ್ಬಂ, ಒಂದೇ ಮುಖಪುಟ. ಅಮೆರಿಕದ ಸಿಡಿಯಲ್ಲಿ ಹನ್ನೆರಡು ಹಾಡು, ಜಪಾನಿನ ಸಿಡಿಯಲ್ಲಿ ಹದಿಮೂರು. ಆ ಹದಿಮೂರನೆಯದಕ್ಕಾಗಿ ಭಕ್ತರು ಉಳಿದ ಹನ್ನೆರಡನ್ನೂ ಎರಡನೆಯ ಸಲ ಕೊಳ್ಳುತ್ತಾರೆ. ಏಕೆಂದು ಕೇಳಿದರೆ ಒಂದು ಸ್ಥಳಪುರಾಣವೇ ಹೊರಬೀಳುತ್ತದೆ. ಜಪಾನಿನವರ ಕಿವಿ ಬಲು ಸೂಕ್ಷ್ಮವಂತೆ. ಕಲಾವಿದರಿಗೆ ಆ ದೇಶವೆಂದರೆ ವಿಶೇಷ ಅಕ್ಕರೆಯಂತೆ. ಆದ್ದರಿಂದ ಮನಸ್ಸಿಗೆ ಹತ್ತಿರವಾದ ಒಂದು ಹಾಡನ್ನು ಅವರಿಗೆಂದೇ ಮೀಸಲಿಡುತ್ತಾರಂತೆ.

ಪುರಾಣ ಮುಚ್ಚಿಟ್ಟು ಕಾಯ್ದೆ ಪುಸ್ತಕ ತೆರೆದರೆ ಬೇರೆಯದೇ ಕಥೆ ಕಾಣುತ್ತದೆ. ಜಪಾನಿನಲ್ಲಿ ಏಕಸ್ವಾಮ್ಯವನ್ನು ತಡೆಯುವ ಕಾಯ್ದೆಯೊಂದಿದೆ. 1953ರಲ್ಲಿ ಅದಕ್ಕೆ ತಿದ್ದುಪಡಿ ತಂದು, ಪುಸ್ತಕ, ಪತ್ರಿಕೆ, ಗ್ರಾಮಫೋನ್ ತಟ್ಟೆಗಳಂಥ ಸರಕಿಗೆ ವಿನಾಯಿತಿ ಕೊಟ್ಟರು. ತಯಾರಕ ನಿಗದಿ ಮಾಡಿದ್ದೇ ಬೆಲೆ, ಅಂಗಡಿಯವನು ಒಂದು ಯೆನ್ ಕೂಡ ಇಳಿಸುವಂತಿಲ್ಲ. ‘ಸಾಯಿಹಾನ್’ ಎಂದು ಕರೆಯುವ ಈ ವ್ಯವಸ್ಥೆಯ ಉದ್ದೇಶ ಸಂಸ್ಕೃತಿಯ ರಕ್ಷಣೆ ಎನ್ನುತ್ತಾರೆ. ಬೆಲೆ ಇಳಿದರೆ ಸಂಸ್ಕೃತಿಯೂ ಇಳಿಯುತ್ತದೆ ಎಂಬ ಭಯ ಇರಬಹುದು. 1982ರಲ್ಲಿ ಸಿಡಿ ಹುಟ್ಟಿದಾಗ ಅದೂ ಸದ್ದಿಲ್ಲದೆ ಅದೇ ಕೊಡೆಯ ಕೆಳಗೆ ತೂರಿಕೊಂಡಿತು.

ಕೊಡೆಯಲ್ಲಿ ಒಂದು ತೂತಿತ್ತು. ಹೊರದೇಶದಿಂದ ಆಮದಾಗುವ ಸಿಡಿಗಳಿಗೆ ಈ ಕಟ್ಟಳೆ ಅನ್ವಯಿಸುವುದಿಲ್ಲ. ಅಮೆರಿಕದಲ್ಲಿ ಅಚ್ಚಾದ ಆಲ್ಬಂ ಹಡಗು ಹತ್ತಿ, ಸಮುದ್ರ ದಾಟಿ, ಸುಂಕದವರ ಕೈ ಹಾದು ಬಂದರೂ, ಪಕ್ಕದ ಊರಿನ ಕಾರ್ಖಾನೆಯಲ್ಲಿ ಅಚ್ಚಾದ ಅದೇ ಆಲ್ಬಂಗಿಂತ ಅಗ್ಗವಾಗಿತ್ತು. ಎರಡೂ ಒಂದೇ ಅಂಗಡಿಯಲ್ಲಿ ಅಕ್ಕಪಕ್ಕ. ಟೋಕಿಯೋದ ಷಿಬುಯಾದಲ್ಲಿರುವ ಟವರ್ ರೆಕಾರ್ಡ್ಸ್‌ನಂಥ ಮಳಿಗೆಗಳು ಹೆಸರು ಮಾಡಿದ್ದೇ ಆಮದು ಸಿಡಿಗಳಿಂದ. 1995ರ ಏಪ್ರಿಲ್‌ನಲ್ಲಿ ಡಾಲರ್ 80 ಯೆನ್‌ಗಿಂತ ಕೆಳಗಿಳಿದಾಗ ಆ ಬೆಲೆಯ ಅಂತರ ಎಷ್ಟಾಗಿರಬೇಕೆಂದು ನೀವೇ ಲೆಕ್ಕ ಹಾಕಿಕೊಳ್ಳಿ.

ಜಪಾನಿನ ಕಂಪನಿಗಳ ಮುಂದೆ ಎರಡು ದಾರಿ ಇದ್ದವು. ಬೆಲೆ ಇಳಿಸುವುದು ಒಂದು. ಅಂಥ ಅಸಂಸ್ಕೃತ ಯೋಚನೆ ಯಾರ ತಲೆಗೂ ಹೊಳೆಯಲಿಲ್ಲವೆಂದು ಕಾಣುತ್ತದೆ. ಇನ್ನೊಂದು, ಬ್ಯಾಂಡಿನವರನ್ನು ಕೇಳುವುದು: ‘ಸ್ವಾಮಿ, ಗೋದಾಮಿನಲ್ಲಿ ಏನಾದರೂ ಉಳಿದಿದೆಯೇ?’ ಉಳಿದಿರುತ್ತದೆ, ಯಾವಾಗಲೂ ಉಳಿದಿರುತ್ತದೆ. ಆಲ್ಬಂಗೆ ಸಾಲದೆಂದು ಬ್ಯಾಂಡಿನವರೇ ಕೈಬಿಟ್ಟ ಹಾಡು, ಗಿಟಾರ್ ಶ್ರುತಿ ಸೇರುವ ಮೊದಲು ತೆಗೆದ ಕರಡು, ಯಾವುದೋ ಊರಿನ ಕಛೇರಿಯಲ್ಲಿ ಚಪ್ಪಾಳೆಯೇ ಮುಕ್ಕಾಲು ಪಾಲಾಗಿರುವ ಧ್ವನಿಮುದ್ರಣ, ಮೂಲ ಹಾಡಿನ ಗುರುತೇ ಸಿಗದಂತೆ ಯಾರೋ ಮಾಡಿಕೊಟ್ಟ ರೀಮಿಕ್ಸ್. ಇಂಥದ್ದೊಂದನ್ನು ಕೊನೆಗೆ ಅಂಟಿಸಿದರೆ ಬೋನಸ್ ಹಾಡು ಸಿದ್ಧ. ಅಗ್ಗದ ಆಮದು ಸಿಡಿಯ ಕಡೆ ಚಾಚಿದ ಟೋಕಿಯೋದ ಹುಡುಗನ ಕೈಯನ್ನು ಹಿಂದಕ್ಕೆ ಎಳೆಯುವುದಷ್ಟೇ ಅದರ ಕೆಲಸ.

ಈ ಗುಟ್ಟನ್ನು ಬಾಯಿಬಿಟ್ಟು ಹೇಳಿದವರೂ ಇದ್ದಾರೆ. 1993ರಲ್ಲಿ ನಿರ್ವಾಣ ಬ್ಯಾಂಡಿನ ‘ಇನ್ ಯೂಟೆರೊ’ ಬಂದಾಗ ಅಮೆರಿಕದ ಹೊರಗಿನ ಸಿಡಿಗಳಿಗೆ ಒಂದು ಹಾಡು ಹೆಚ್ಚಿಗೆ ಸೇರಿಸಿದರು. ಕೊನೆಯ ಹಾಡು ಮುಗಿದು ಸುಮಾರು ಇಪ್ಪತ್ತು ನಿಮಿಷ ಏನೂ ಕೇಳಿಸುವುದಿಲ್ಲ, ಆಮೇಲೆ ಅದು ಶುರುವಾಗುತ್ತದೆ. ಹೊದಿಕೆಯಲ್ಲಿ ಅದಕ್ಕೆ ಕೊಟ್ಟ ವಿವರಣೆಯ ತಾತ್ಪರ್ಯ ಇಷ್ಟು: ಇದು ಅಮೆರಿಕದ ಡಾಲರ್ ಬಡವಾಗಿರುವುದರಿಂದ ಖರೀದಿಗೆ ಕೊಟ್ಟ ಪ್ರೋತ್ಸಾಹಧನ. ಅಂದರೆ, ಡಾಲರ್ ಅಗ್ಗವಾಗಿದೆಯೆಂದು ಅಮೆರಿಕದ ಪ್ರತಿಯನ್ನು ತರಿಸಿಕೊಳ್ಳಬೇಡಿ ಮಹರಾಯರೇ, ನಿಮ್ಮ ಊರಿನದ್ದನ್ನೇ ಕೊಳ್ಳಿ. ಇಷ್ಟು ಬಿಡಿಸಿ ಬರೆದ ಮೇಲೂ ಸಂಗ್ರಾಹಕರು ಅದರಲ್ಲಿ ಕಲಾವಿದನ ಅಂತರಂಗ ಹುಡುಕಿದರು.

ಬೋನಸ್ ಹಾಡು ಆಲ್ಬಂಗೆ ಏನು ಮಾಡುತ್ತದೆ ಎಂಬುದನ್ನು ಕೇಳಿಯೇ ತಿಳಿಯಬೇಕು. ಮೆಟಾಲಿಕಾ ಬ್ಯಾಂಡಿನ 1991ರ ಕಪ್ಪು ಹೊದಿಕೆಯ ಆಲ್ಬಂ ಹನ್ನೆರಡು ಹಾಡುಗಳ ಗಂಭೀರ ಕಟ್ಟಡ. ಜಪಾನಿನ ಪ್ರತಿಯಲ್ಲಿ ಅಷ್ಟೂ ಗಾಂಭೀರ್ಯ ಮುಗಿದು ಕೇಳುಗ ಉಸಿರು ಬಿಡುವಷ್ಟರಲ್ಲಿ ಹದಿಮೂರನೆಯದಾಗಿ ಬೇರೊಂದು ಪಂಕ್ ಬ್ಯಾಂಡಿನ, ಬೈಗುಳವೇ ಬಂಡವಾಳವಾದ ಹಾಡು ಬಂದು ಅಪ್ಪಳಿಸುತ್ತದೆ. ತಿಂಗಳುಗಟ್ಟಲೆ ಸ್ಟುಡಿಯೋದಲ್ಲಿ ಕುಳಿತು ಯಾವ ಹಾಡಿನ ಹಿಂದೆ ಯಾವುದು ಎಂದು ನಿರ್ಧರಿಸಿದವರ ಶ್ರಮಕ್ಕೆ ಇದಕ್ಕಿಂತ ದೊಡ್ಡ ಸನ್ಮಾನ ಬೇಕೇ? ಆದರೂ ಆ ಹದಿಮೂರನೆಯದು ಇರುವ ಪ್ರತಿಯೇ ಸಂಗ್ರಾಹಕರ ಬಾಯಲ್ಲಿ ‘ಪೂರ್ಣ ಆವೃತ್ತಿ’.

ನ್ಯಾಯವಾಗಿ ಹೇಳಬೇಕೆಂದರೆ, ಜಪಾನಿಗಷ್ಟೇ ಸಿಕ್ಕಿದ್ದು ನಿಜಕ್ಕೂ ಚೆನ್ನಾಗಿದ್ದ ಕಾಲವೂ ಒಂದಿತ್ತು. ಚೀಪ್ ಟ್ರಿಕ್ ಎಂಬ ಅಮೆರಿಕದ ಬ್ಯಾಂಡು ಜಪಾನಿನಲ್ಲಿ ನಡೆಸಿದ ಕಛೇರಿಗಳ ಧ್ವನಿಮುದ್ರಣ ಬುಡೋಕಾನ್ ಸಭಾಂಗಣದ ಹೆಸರು ಹೊತ್ತು 1978ರಲ್ಲಿ ಅಲ್ಲಿ ಮಾತ್ರ ಬಿಡುಗಡೆಯಾಯಿತು. ಅಮೆರಿಕದವರು ತಮ್ಮದೇ ಬ್ಯಾಂಡಿನ ತಟ್ಟೆಯನ್ನು ಜಪಾನಿನಿಂದ ತರಿಸಿಕೊಳ್ಳಲು ಮುಗಿಬಿದ್ದರು, ಕೊನೆಗೆ ಮರುವರ್ಷ ಕಂಪನಿಯೇ ಅಲ್ಲೂ ಬಿಡುಗಡೆ ಮಾಡಬೇಕಾಯಿತು. ಅದು ಇಡೀ ಊಟ. ಅದರ ಹೆಸರು ಹೇಳಿಕೊಂಡು ಉಪ್ಪಿನಕಾಯಿ ಮಾರುವ ವ್ಯಾಪಾರ ಆಮೇಲಿನದು.

ಇನ್ನು ಒಬಿ. ಜಪಾನಿನ ಸಿಡಿಯ ಬೆನ್ನಿಗೆ ಸುತ್ತಿರುವ ಕಾಗದದ ಪಟ್ಟಿ. ನಾಲ್ಕು ಬೆರಳು ಅಗಲವೂ ಇಲ್ಲ. ಅದರಲ್ಲಿ ಬ್ಯಾಂಡಿನ ಹೆಸರು ಕಟಕಾನಾ ಲಿಪಿಯಲ್ಲಿ, ಎರಡು ಸಾಲು ಹೊಗಳಿಕೆ, ಬೋನಸ್ ಹಾಡು ಇದೆ ಎಂಬ ಡಂಗುರ, ಸರಕಿನ ಸಂಖ್ಯೆ ಮತ್ತು ಬೆಲೆ. ಅಂದರೆ ಅದು ಬೆಲೆಚೀಟಿ. ಮನೆಗೆ ಬಂದ ಮೇಲೆ ಕಿತ್ತು ಕಸದ ಬುಟ್ಟಿಗೆ ಹಾಕಬೇಕಾದದ್ದು. ಅಲ್ಲಿನ ಎಷ್ಟೋ ಜನ ಹಾಗೇ ಮಾಡಿದರು, ಹಾಗಾಗಿ ಅದು ಅಪರೂಪವಾಯಿತು, ಅಪರೂಪವಾದದ್ದರಿಂದ ಅಮೂಲ್ಯವಾಯಿತು. ಒಬಿ ಇಲ್ಲದ ಸಿಡಿಯನ್ನು ಸಂಗ್ರಾಹಕರು ನೋಡುವ ನೋಟದಲ್ಲಿ ಕನಿಕರವಿರುತ್ತದೆ. ಒಬಿಯ ಮೂಲೆ ಮಡಿಸಿದ್ದರೆ ಬೆಲೆ ಕಡಿಮೆ, ಹರಿದಿದ್ದರೆ ಸೂತಕ. ಅದಕ್ಕೆಂದೇ ಪ್ಲಾಸ್ಟಿಕ್ ಲಕೋಟೆಗಳೂ ಸಿಗುತ್ತವೆ.

ಭೂತಗನ್ನಡಿ ಹಿಡಿದರೆ ಒಬಿಯ ಮೇಲೋ ಹಿಂಬದಿಯ ಹಾಳೆಯಲ್ಲೋ ಒಂದು ಸಣ್ಣ ಗುರುತೂ ಪಕ್ಕದಲ್ಲಿ ತಾರೀಖೂ ಕಾಣಬಹುದು. ಸಾಯಿಹಾನ್ ಕಟ್ಟಳೆಯ ಗಡುವು ಅದು. ಆ ದಿನದವರೆಗೆ ಇದನ್ನು ಯಾರೂ ಕಡಿಮೆ ಬೆಲೆಗೆ ಮಾರಕೂಡದು ಎಂದು ಅರ್ಥ. ಗಿರಾಕಿಯ ಜೇಬಿಗೆ ಹೊರಡಿಸಿದ ಈ ಫರ್ಮಾನನ್ನು ಗಿರಾಕಿಯೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಧೂಳು ತಾಗದಂತೆ ಕಾಪಾಡಿ, ಅದು ಸುಕ್ಕಾಗದೆ ಇದ್ದುದಕ್ಕೆ ಹೆಚ್ಚುವರಿ ದುಡ್ಡನ್ನೂ ಕೊಡುತ್ತಾನೆ.

ಹಾಡು ಮುಗಿಯಿತು, ಕಾಗದ ಮುಗಿಯಿತು, ಉಳಿದದ್ದು ಪ್ಲಾಸ್ಟಿಕ್ಕು. 2007-08ರ ಹೊತ್ತಿಗೆ ಅದಕ್ಕೂ ಮುಹೂರ್ತ ಬಂತು. ಒಂದು ಕಂಪನಿ ಎಸ್‌ಎಚ್‌ಎಂ-ಸಿಡಿ ತಂದಿತು, ಇನ್ನೊಂದು ಬ್ಲೂ-ಸ್ಪೆಕ್ ಸಿಡಿ, ಮತ್ತೊಂದು ಎಚ್‌ಕ್ಯೂ-ಸಿಡಿ. ಎಸ್‌ಎಚ್‌ಎಂ-ಸಿಡಿಯ ಹೆಗ್ಗಳಿಕೆ ಏನೆಂದರೆ ಎಲ್‌ಸಿಡಿ ಪರದೆಗೆ ಬಳಸುವ, ಹೆಚ್ಚು ಪಾರದರ್ಶಕವಾದ ಪಾಲಿಕಾರ್ಬೊನೇಟಿನಿಂದ ಅದನ್ನು ಮಾಡುತ್ತಾರೆ. ಒಳಗಿರುವುದು ಅದೇ 16 ಬಿಟ್, ಅದೇ 44.1 ಕಿಲೋಹರ್ಟ್ಸ್, ಅವೇ ಸೊನ್ನೆ ಮತ್ತು ಒಂದು. ಸಾಧಾರಣ ಸಿಡಿಯಿಂದ ಸರಿಯಾಗಿ ಓದಿದರೂ ಅವೇ ಅಂಕಿಗಳು ಬರುತ್ತವೆ. ಆದರೆ ಈ ಪ್ಲಾಸ್ಟಿಕ್ಕಿನ ಮೂಲಕ ಹಾದ ಸೊನ್ನೆ ಹೆಚ್ಚು ದುಂಡಗಿರುತ್ತದೆ ಎಂದು ಕಿವಿ ಇದ್ದವರು ಹೇಳುತ್ತಾರೆ. ನಮಗೆ ಆ ಭಾಗ್ಯವಿಲ್ಲ.

ಜಪಾನಿನ ಕಂಪನಿಗಳು ಹೊರಗಿನ ಅಗ್ಗವನ್ನು ಹಾಡಿನಿಂದ ತಡೆದವು, ತಮ್ಮದೇ ಅಗ್ಗವನ್ನು ತಡೆಯಲು ಸಂಸತ್ತಿಗೆ ಹೋದವು. ಜಪಾನೀ ಕಲಾವಿದರ ಸಿಡಿಗಳನ್ನು ಏಷ್ಯಾದ ಇತರ ದೇಶಗಳಲ್ಲಿ ಕಡಿಮೆ ಬೆಲೆಗೆ ಮಾರಲು ಪರವಾನಗಿ ಕೊಟ್ಟದ್ದು ಇವರೇ. ಅವು ಮರಳಿ ಊರಿಗೆ ಬಂದು ಅಗ್ಗವಾಗಿ ಮಾರಾಟವಾದಾಗ ಬೊಬ್ಬೆ ಹೊಡೆದವರೂ ಇವರೇ. 2004ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯಾಗಿ, 2005ರ ಜನವರಿಯಿಂದ ಅಂಥ ಮರು ಆಮದಿಗೆ ಬಾಗಿಲು ಹಾಕಲಾಯಿತು. ತವರಿಗೆ ಬಂದ ಮಗಳನ್ನು ಹೊಸ್ತಿಲಲ್ಲೇ ತಡೆದು ಪಾಸ್‌ಪೋರ್ಟ್ ಕೇಳಿದ ಸಂಸ್ಕೃತಿ ರಕ್ಷಕರು ಇವರೊಬ್ಬರೇ ಇರಬೇಕು.

ದೇಶದೊಳಗಿನ ಪಾಪ್ ಸಂಗೀತದಲ್ಲಂತೂ ಸೋಗೂ ಉಳಿದಿಲ್ಲ. ಎಕೆಬಿ48 ಎಂಬ ಗಾಯಕಿಯರ ತಂಡದ ಸಿಡಿ ಕೊಂಡರೆ ಒಳಗೆ ಗಾಯಕಿಯ ಕೈಕುಲುಕುವ ಚೀಟಿ, ಇಲ್ಲವೇ ನೆಚ್ಚಿನ ಗಾಯಕಿಗೆ ಅಭಿಮಾನಿಗಳು ಮತ ಹಾಕುವ ತಂಡದ ಚುನಾವಣೆಯ ಮತಚೀಟಿ ಇರುತ್ತಿತ್ತು. ಚೀಟಿ ತೆಗೆದುಕೊಂಡ ಮೇಲೆ ಸಿಡಿ ಏನು ಮಾಡುವುದು? 2017ರಲ್ಲಿ ಫುಕುವೊಕಾ ಪ್ರಾಂತ್ಯದಲ್ಲಿ ಒಬ್ಬ 500ಕ್ಕೂ ಹೆಚ್ಚು ಸಿಡಿಗಳನ್ನು ಬೆಟ್ಟದಲ್ಲಿ ಸುರಿದು ಪೊಲೀಸರ ಕೈಗೆ ಸಿಕ್ಕಿಬಿದ್ದ. ಇಡೀ ಉದ್ಯಮದಲ್ಲಿ ಸಿಡಿ ಎಂದರೆ ಏನೆಂದು ಸರಿಯಾಗಿ ಅರ್ಥಮಾಡಿಕೊಂಡವನು ಅವನೊಬ್ಬನೇ ಎನಿಸುತ್ತದೆ.

ಈಗಿನ ತಮಾಷೆ ಬೇರೆ. 2024ರಲ್ಲಿ ಡಾಲರ್ 160 ಯೆನ್ ದಾಟಿತು. ಜಪಾನಿನವರಿಗೆ ಆಮದು ದುಬಾರಿಯಾಯಿತು, ಹೊರಗಿನವರಿಗೆ ಜಪಾನಿನ ಸರಕು ಅಗ್ಗವಾಯಿತು. ಕೊಸರು ಹಾಕಲು ಇದ್ದ ಕಾರಣ ಬುಡಮೇಲಾಗಿ ಮಲಗಿದೆ. ಹಾಗಿದ್ದರೂ ಹೊಸ ಆಲ್ಬಂಗಳ ಜಪಾನೀ ಪ್ರತಿಗಳಿಗೆ ಬೋನಸ್ ಹಾಡು ಬೀಳುತ್ತಲೇ ಇದೆ, ಸಂಪ್ರದಾಯವಾದ ಮೇಲೆ ಕಾರಣವನ್ನು ಯಾರು ಕೇಳುತ್ತಾರೆ. ಬೆಂಗಳೂರಿನ ರಾಕ್ ಪ್ರಿಯರಲ್ಲೂ ಈ ಪಂಥದವರಿದ್ದಾರೆ. ಅವರಿಗೆ ಅಂಚೆಯ ಖರ್ಚಿನ ಜೊತೆಗೆ ಸೀಮಾಸುಂಕದವರ ದರ್ಶನವೂ ಆಗುತ್ತದೆ. ನಮ್ಮ ಸರ್ಕಾರ ಕೊಸರಿಗೂ ತೆರಿಗೆ ಹಾಕುತ್ತದೆ.

ಹಾಡನ್ನು ಕೇಳಬೇಕೆಂಬ ಆಸೆ ಇದಕ್ಕೆ ಕಾರಣವೆಂದು ದಯವಿಟ್ಟು ಭಾವಿಸಬೇಡಿ. ಸಿಡಿ ಅಂಗಡಿಗೆ ಬಂದ ದಿನವೇ ಆ ಹಾಡನ್ನು ಯಾರೋ ಯೂಟ್ಯೂಬಿಗೆ ಹಾಕಿರುತ್ತಾರೆ. ಸಂಗ್ರಾಹಕರು ಅದನ್ನು ಅಲ್ಲೇ ಕೇಳಿರುತ್ತಾರೆ, ಬ್ಯಾಂಡಿನವರು ಅದನ್ನು ಏಕೆ ಕೈಬಿಟ್ಟರೆಂಬುದೂ ಅರ್ಥವಾಗಿರುತ್ತದೆ. ಟೋಕಿಯೋದಿಂದ ಬಂದ ಪ್ರತಿಯ ಮೇಲಿನ ಪಾರದರ್ಶಕ ಹಾಳೆಯನ್ನು ಮಾತ್ರ ಅವರು ಬಿಚ್ಚುವುದಿಲ್ಲ. ಬಿಚ್ಚಿದರೆ ಬೆಲೆ ಬೀಳುತ್ತದೆ.

ವರ್ಷಗಳು ಕಳೆದ ಮೇಲೆ ಬ್ಯಾಂಡು ಆ ಆಲ್ಬಂನ ಡಿಲಕ್ಸ್ ಆವೃತ್ತಿ ತರುತ್ತದೆ. ಜಪಾನಿಗೆಂದು ಮೀಸಲಾಗಿದ್ದ ಹಾಡು ಅದರಲ್ಲಿ ಸೇರಿ ಜಗತ್ತಿಗೆಲ್ಲ ಸಿಗುತ್ತದೆ. ಸಂಗ್ರಾಹಕರಿಗೆ ಒಂದು ದಿನ ಊಟ ಸೇರುವುದಿಲ್ಲ. ಮರುದಿನ ಪ್ರಕಟಣೆ ಬರುತ್ತದೆ: ಡಿಲಕ್ಸ್ ಆವೃತ್ತಿಯ ಜಪಾನೀ ಪ್ರತಿಯಲ್ಲಿ ಇನ್ನೊಂದು ಬೋನಸ್ ಹಾಡು ಇದೆ, ಎಸ್‌ಎಚ್‌ಎಂ-ಸಿಡಿಯಲ್ಲಿ, ಒಬಿ ಸಹಿತ, ಮುಂಗಡ ಕಾಯ್ದಿರಿಸುವವರಿಗೆ ಒಂದು ಸ್ಟಿಕ್ಕರ್ ಉಚಿತ.