ಪಾಲೆರ್ಮೊ ಚಾಪೆಲ್‌ನ ಮರದ ಚಾವಣಿ

ಇಟಲಿಯ ಸಿಸಿಲಿ ದ್ವೀಪದ ಪಾಲೆರ್ಮೊ ಅರಮನೆಯಲ್ಲಿರುವ ಕಪೆಲ್ಲಾ ಪಲತೀನಾ ಎಂಬ ಚಾಪೆಲ್ (ಅರಮನೆಯೊಳಗಿನ ಚರ್ಚು) ಬಗ್ಗೆ ನಿಮ್ಮ ಲೇಖನ ಓದಿ ಖುಷಿಯಾಯಿತು. ಆದರೆ ಲೇಖನದಲ್ಲಿ ಚಿನ್ನದ ಮೊಸಾಯಿಕ್‌ಗಳ (ಪುಟ್ಟ ಬಿಲ್ಲೆಗಳನ್ನು ಜೋಡಿಸಿ ಮಾಡಿದ ಚಿತ್ರಗಳ) ಮಾತೇ ಜಾಸ್ತಿ, ಮರದ ಚಾವಣಿಗೆ ಒಂದೇ ಸಾಲು. ನನಗಂತೂ ಆ ಚಾವಣಿಯೇ ಅಲ್ಲಿನ ಜೀವ ಅನಿಸುತ್ತದೆ. ಪುಟ್ಟ ಪುಟ್ಟ ಗೂಡುಗಳು ಸಾಲುಸಾಲಾಗಿ ಜೇನುಗೂಡಿನ ಹಾಗೆ ಇಳಿಬಿದ್ದ, ಮುಕರ್ನಾಸ್ ಎನ್ನುವ ಅಲಂಕಾರದ ಕೆಲಸ ಅದು. ಮುಸ್ಲಿಂ ನಾಡುಗಳ ಕಟ್ಟಡಗಳಲ್ಲಿ ಕಾಣುವಂಥದ್ದು, ಚರ್ಚಿನ ತಲೆಯ ಮೇಲಿದೆ! ತುಂಬಾ ಚಿತ್ರಗಳು: ವಾದ್ಯ ನುಡಿಸುವವರು, ಕುಣಿಯುವವರು, ಚದುರಂಗ ಆಡುತ್ತಾ ಕೂತವರು. ಜೊತೆಗೆ ಅರಬ್ಬಿ ಅಕ್ಷರಗಳು. ಕೆಳಗಿನಿಂದ ಬರಿಗಣ್ಣಿಗೆ ಸರಿಯಾಗಿ ಕಾಣಿಸುವುದಿಲ್ಲ, ಹೋಗುವವರು ಬೈನಾಕ್ಯುಲರ್ ಒಯ್ಯಿರಿ. ಅತ್ತ ಗುಮ್ಮಟದ ಬುಡದಲ್ಲಿ 1143ರ ಗ್ರೀಕ್ ಬರಹ, ಗೋಡೆಯ ಬೈಬಲ್ ಕತೆಗಳಿಗೆ ಲ್ಯಾಟಿನ್. ಮೂರೂ ಭಾಷೆ ಒಂದೇ ಸೂರಿನಡಿ, ಅದೂ ನಾರ್ಮನ್ (ಉತ್ತರ ಫ್ರಾನ್ಸ್ ಮೂಲದ) ದೊರೆ 2ನೇ ರೋಜರ್ ಶುರುಮಾಡಿಸಿದ ಕಟ್ಟಡದಲ್ಲಿ. ದಯವಿಟ್ಟು ಚಾವಣಿಯ ಬಗ್ಗೆಯೇ ಇನ್ನೊಂದು ಲೇಖನ ಬರೆಯಿರಿ.