ಬ್ಯಾಟರಿ ಕಳಚಿದರೂ ಕಿಡಿ ಹಾರುತ್ತದೆ: ಒಂದು ಸ್ಪಷ್ಟನೆ

ಬೆಳಗಾವಿಯ ವಿಮಾನಾಸಕ್ತರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಹರಿದಾಡುತ್ತಿದೆ: ಹಳೆಯ ಪಿಸ್ಟನ್ ವಿಮಾನದ ಎಂಜಿನ್ ಚಾಲೂ ಆಗದಿದ್ದರೆ ದೋಷ ಬ್ಯಾಟರಿಯದೇ, ಅದನ್ನು ಕಳಚಿದ ಮೇಲೆ ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸುವುದು ನಿರಪಾಯ ಎಂದು. ಮೊದಲ ಮಾತು ಅರೆಸತ್ಯ. ಎರಡನೆಯದು ಜೀವಕ್ಕೇ ಎರವಾಗಬಲ್ಲ ತಪ್ಪು.

ಇಂಥ ಬಹುತೇಕ ಎಂಜಿನ್ನುಗಳಲ್ಲಿ ಕಿಡಿ ಹುಟ್ಟುವುದು ಮ್ಯಾಗ್ನೆಟೋದಲ್ಲಿ. ಎಂಜಿನ್ ತಿರುಗಿದಾಗ ಅದರೊಳಗಿನ ಅಯಸ್ಕಾಂತವೂ ತಿರುಗಿ ತಾನೇ ವಿದ್ಯುತ್ತು ಉಂಟುಮಾಡುತ್ತದೆ. (ನಮ್ಮ ಕಡೆಯ ಹಳೆಯ ಲೂನಾ ಬ್ಯಾಟರಿಯಿಲ್ಲದೆ ಓಡುತ್ತಿದ್ದುದನ್ನು ಹಿರಿಯರು ಬಲ್ಲರು.) ಸ್ವಿಚ್ ಆಫ್ ಮಾಡುವುದೆಂದರೆ ಮ್ಯಾಗ್ನೆಟೋದ ಪ್ರಾಥಮಿಕ ಸುರುಳಿಯನ್ನು ಒಂದು ತಂತಿಯ ಮೂಲಕ ಎಂಜಿನ್ನಿನ ಲೋಹಕ್ಕೆ ಅರ್ಥ್ ಮಾಡುವುದು. ಆ ತಂತಿ ತುಂಡಾಗಿದ್ದರೆ, ಸ್ವಿಚ್ ಆಫ್ ಇದ್ದರೂ ಮ್ಯಾಗ್ನೆಟೋ ಜೀವಂತವಾಗಿಯೇ ಇರುತ್ತದೆ. ಸಿಲಿಂಡರಿನಲ್ಲಿ ಉಳಿದ ಸ್ವಲ್ಪ ಪೆಟ್ರೋಲ್ ಆವಿಯೇ ಪ್ರೊಪೆಲ್ಲರನ್ನು ಝಾಡಿಸಿ ತಿರುಗಿಸಲು ಸಾಕು.

ಬ್ಯಾಟರಿ ಸೋತರೆ ಸ್ಟಾರ್ಟರ್ ನಿಧಾನವಾಗುವುದು ನಿಜ. ಆದರೆ ಸ್ಟಾರ್ಟರ್ ಚೆನ್ನಾಗಿ ತಿರುಗಿಸಿದರೂ ಎಂಜಿನ್ ಹಿಡಿಯದಿದ್ದರೆ, ಮೊದಲು ಅನುಮಾನಿಸಬೇಕಾದವುಗಳಲ್ಲಿ ಇಂಪಲ್ಸ್ ಕಪ್ಲಿಂಗ್ ಒಂದು. ನಿಧಾನಗತಿಯಲ್ಲಿ ಮ್ಯಾಗ್ನೆಟೋದ ಕಿಡಿ ದುರ್ಬಲವಾಗಿರುವುದರಿಂದ, ಈ ಭಾಗ ಸ್ಪ್ರಿಂಗನ್ನು ಸುತ್ತಿ, ತಡೆದು, ಥಟ್ಟನೆ ಬಿಟ್ಟು ಕಿಡಿಯನ್ನು ಬಲಪಡಿಸುವುದಲ್ಲದೆ ಸ್ವಲ್ಪ ತಡವಾಗಿಯೂ ಹಾರಿಸುತ್ತದೆ. ಅದರ ‘ಟಕ್’ ಸದ್ದು ಕೇಳದಿದ್ದರೆ ಅದು ಜಿಡ್ಡು ಹಿಡಿದು ಸಿಕ್ಕಿಕೊಂಡಿರಬಹುದು, ಇಲ್ಲವೇ ಸ್ಪ್ರಿಂಗ್ ಮುರಿದಿರಬಹುದು. ಸದ್ದು ಕೇಳಲೆಂದು ಪ್ರೊಪೆಲ್ಲರಿಗೆ ಕೈ ಹಾಕುವ ಕೆಲಸ ಮಾತ್ರ ಪರವಾನಗಿಯುಳ್ಳ ತಂತ್ರಜ್ಞರದು.