ಕೊನೆಗಾರನೇ ಸಿಗ್ತಿಲ್ಲ, ಕೊಲೆಗಾರ ಎಲ್ಲಿಂದ ಸಿಗ್ಬೇಕು

ನಮ್ಮನೆ ಅಡಿಕೆ ಗೋಟಾಗ್ತಾ ಇದೆ, ಅಂದ್ರೆ ಕೊಯ್ಯೋರಿಲ್ಲದೆ ಮರದಲ್ಲೇ ಹಣ್ಣಾಗಿ ಬೆಲೆ ಕಳ್ಕೋತಾ ಇದೆ. ಈ ಸಾಲು ಓದಿ ಬೆಂಗಳೂರಿನವ್ರಿಗೆ ಏನೂ ಅನ್ಸಲ್ಲ, ಆದ್ರೆ ಸೊರಬದಿಂದ ಕೊಪ್ಪದವರೆಗೆ ಯಾರ ಹತ್ರ ಹೇಳಿದ್ರೂ ಕೈಲಿದ್ದ ಕಾಫಿ ಲೋಟ ಕೆಳಗಿಟ್ಟು "ಛೆ" ಅಂತಾರೆ. ಮರ ಹತ್ತಿ ಅಡಿಕೆ ಕೊನೆ ಇಳಿಸೋ ಕೊನೆಗಾರ ಸಿಗ್ತಿಲ್ಲ. ಊರು ಬಿಟ್ಟು ಹೋಗಿಲ್ಲ, ಗಟ್ಟಿಮುಟ್ಟಾಗೇ ಇದ್ದಾನೆ, ಆದ್ರೆ ಶುಕ್ರವಾರ ಸಂಜೆಯಿಂದ ಭಾನುವಾರ ಮಧ್ಯಾಹ್ನದವರೆಗೆ ಸತ್ತಿರ್ತಾನೆ. ಸೋಮವಾರ ಸುಸ್ತು.

ನಮ್ಮೂರ ಹತ್ರ ಒಂದು ಹೋಮ್‌ಸ್ಟೇ ಇದೆ, ಬಂದವ್ರಿಗೆ ಸುಳ್ಳು ಕೊಲೆ ಮಾಡಿ ಪತ್ತೆ ಹಚ್ಚೋ ಆಟ ಆಡಿಸ್ತಾರೆ. ಮಳೆಗಾಲದಲ್ಲಿ ಅಲ್ಲಿಂದ ಒಂದು ರೀಲು ಎಲ್ಲಾ ಕಡೆ ಓಡಾಡ್ತು. ಹೆಣ ಎದ್ದು ಕೂತು "ಉಪ್ಪು ಕೊಡ್ರೋ ಯಾರಾದ್ರೂ" ಅಂದಿದ್ದನ್ನ ನೀವೂ ನೋಡಿರ್ತೀರಿ, ನಂಗಂತೂ ಒಂದೇ ದಿನ ಆರು ಗ್ರೂಪಿಂದ ಬಂತು, ಅದ್ರಲ್ಲೊಂದು ಭಜನಾ ಮಂಡಳಿ ಗ್ರೂಪು. ಆ ಹೆಣ ನಮ್ಮ ಕೊನೆಗಾರ. ನಾನು ಕೊಡೋ ಕೂಲಿಗಿಂತ ಸಾಯೋದಕ್ಕೆ ಜಾಸ್ತಿ ಕೊಡ್ತಾರಂತೆ, ಮರ ಹತ್ತೋ ರಿಸ್ಕ್ ಬೇರೆ ಇಲ್ಲ. ಬೇಡ ಅನ್ನೋಕೆ ನಾನ್ಯಾರು.

ಈಗ ಅವ್ರು ಚಳಿಗಾಲದ ಪ್ಯಾಕೇಜ್ ಬಿಟ್ಟಿದಾರೆ. "ಮಲೆನಾಡಿನ ಮಂಜಿನಲ್ಲಿ ಒಂದು ಕೊಲೆ, ಪತ್ತೆ ಹಚ್ಚುವವರು ನೀವೇ." ತಲೆಗೆ 4,999 ರೂಪಾಯಿ, ಕಡುಬು, ಕೋಳಿಸಾರು, ಕೊಲೆ ಎಲ್ಲಾ ಸೇರಿ. ಬಂದವ್ರಿಗೆ ಒಂದು ಭೂತಗನ್ನಡಿ, ಒಂದು ಟೋಪಿ.

ಆ ಮಳೆಗಾಲದ ರೀಲಿನ ಕತೆ ನಮ್ಮ ಕೊನೆಗಾರನ ಬಾಯಲ್ಲೇ ಕೇಳ್ಬೇಕು. ನಮ್ಮ ಜಗುಲಿ ಮೇಲೆ ಕೂತು ಹೇಳಿದ. ಕಾಫಿ ಗಿಡದ ಬುಡದಲ್ಲಿ ಬೋರಲು ಮಲಗ್ಸಿದ್ರಂತೆ, ಬೆನ್ನಿಗೆ ಚಾಕು ಅಂಟ್ಸಿ. ಕಾಲು ಗಂಟೇಲಿ ಇಂಬಳ, ಅಂದ್ರೆ ರಕ್ತ ಹೀರೋ ಜಿಗಣೆ, ಶುರು. ಬೆರಳ ಸಂದಿಗೆ ಎರಡು, ಹಿಮ್ಮಡಿಗೆ ಮೂರು, ಅಂಗಿ ಒಳಗೆ ಎಷ್ಟೋ. "ಹನ್ನೊಂದರವರೆಗೆ ಲೆಕ್ಕ ಇಟ್ಟಿದ್ದೆ ಅಣ್ಣ, ದೇವ್ರಾಣೆ ಅಲ್ಲೀವರೆಗೂ ನಾನು ಹೆಣಾನೇ. ಹನ್ನೆರಡನೇದು ಕಣ್ರೆಪ್ಪೆಗೆ ಬಂತು, ಬಿಡ್ಸೋಕೆ ಉಪ್ಪು ಕೇಳ್ದೆ." ಇಂಬಳ ಕಚ್ಚಿದ ಜಾಗ ಗೊತ್ತಲ್ಲ, ಅದು ಬಿಟ್ಮೇಲೂ ರಕ್ತ ಹೆಪ್ಪುಗಟ್ಟಲ್ಲ, ಸುರೀತಾನೇ ಇರುತ್ತೆ. ಅದನ್ನ ಭೂತಗನ್ನಡಿಲಿ ನೋಡಿ ಒಬ್ರು ಮೇಡಂ "ರಕ್ತ ಇನ್ನೂ ಹರೀತಿದೆ, ಅಂದ್ರೆ ಕೊಲೆಯಾಗಿ ಅರ್ಧ ಗಂಟೇನೂ ಆಗಿಲ್ಲ, ಕೊಲೆಗಾರ ಇಲ್ಲೇ ಎಲ್ಲೋ ಇದ್ದಾನೆ" ಅಂದ್ರಂತೆ. ತಪ್ಪೇನೂ ಹೇಳಿಲ್ಲ ಅವ್ರು. ಇಲ್ಲೇ ಇದ್ದ, ಅವ್ರ ಸಾಕ್ಸ್ ಹತ್ತಾ ಇದ್ದ.

ಇದಕ್ಕೆಲ್ಲ ಹೋಮ್‌ಸ್ಟೇಯವ್ರನ್ನ ಬೈಯ್ಯೋದ್ರಲ್ಲಿ ಅರ್ಥ ಇಲ್ಲ, ಬಿತ್ತಿದ್ದು ಬೇರೆಯವ್ರು. ಈಗ ಕೊಲೆ ಕತೆ ಬರೆಯೋ ಎಲ್ರಿಗೂ ಹೆಣ ಇಡೋಕೆ ಒಂದೇ ಜಾಗ ಗೊತ್ತಿರೋದು, ಅದು ನಮ್ಮೂರು. ಮೊದಲ ಪುಟ ತೆಗೆದ್ರೆ ಮಂಜು. ಎರಡನೇ ಪುಟದಲ್ಲಿ ಒಂಟಿ ತೊಟ್ಟಿಮನೆ, ಕವಳ ಹಾಕೋ ಒಬ್ಳು ಅಜ್ಜಿ, "ಆ ಕಡೆ ಹೋಗ್ಬೇಡಿ ಮಕ್ಳೇ" ಅಂತಾಳೆ. ಯಾಕಜ್ಜಿ ಅಂತ ಒಬ್ರೂ ಕೇಳಲ್ಲ. ಕೇಳಿದ್ರೆ ಕಾದಂಬರಿ ಹತ್ತು ಪುಟಕ್ಕೆ ಮುಗಿಯುತ್ತೆ, ಯಾಕಂದ್ರೆ ನಮ್ ಕಡೆ ಅಜ್ಜಿಗೆ ಯಾಕೆ ಅಂತ ಕೇಳಿದ್ರೆ ಮೂರು ತಲೆಮಾರಿನ ಆಸ್ತಿ ಪಾಲು, ಯಾರು ಯಾರ ಬೇಲಿ ಒತ್ತಿದ್ರು, ಯಾರ ಮದ್ವೇಲಿ ಯಾರಿಗೆ ಹೋಳಿಗೆ ಬಡಿಸ್ಲಿಲ್ಲ ಎಲ್ಲಾ ಬರುತ್ತೆ, ಮಧ್ಯದಲ್ಲೆಲ್ಲೋ ಕೊಲೆಗಾರನ ಹೆಸ್ರೂ ಬಂದಿರುತ್ತೆ.

ಮೊನ್ನೆ ಒಂದು ಓದಿದೆ. ಹೆಸ್ರು ಬೇಡ, ಬರೆದವ್ರು ಒಳ್ಳೆ ಮನುಷ್ಯ. ಅದ್ರಲ್ಲಿ ಆಗುಂಬೆ ಪಕ್ಕದ ಹಳ್ಳಿಲಿ ಒಬ್ಬ ಹನ್ನೊಂದು ಜನರನ್ನ ಕೊಂದಿದಾನೆ, ನಾಲ್ಕು ವರ್ಷ, ಊರಿಗೆ ಗೊತ್ತೇ ಇಲ್ಲ. ಸ್ವಾಮಿ, ನಮ್ಮನೇಲಿ ಬಚ್ಚಲೊಲೆ ಇದ್ದೂ ಗೀಸರ್ ತಂದೆ. ಪೆಟ್ಟಿಗೆ ಬಸ್ಸಿಂದ ಇಳಿಸೋ ಹೊತ್ತಿಗೆ ಎರಡು ಫೋನು, ಮನೆ ಮುಟ್ಟೋ ಹೊತ್ತಿಗೆ ನಂಗೆ ಸೊಂಟನೋವು ಅಂತ ಸುದ್ದಿ, ಸಂಜೆಗೆ ಒಬ್ರು ಹಲಸಿನ ಹಣ್ಣು ಹಿಡ್ಕೊಂಡು ನೋಡೋಕೇ ಬಂದ್ರು. ಇಂತಾ ಕಡೆ ಹನ್ನೊಂದು ಹೆಣ ಮುಚ್ಚಿಡೋದಾ.

ಅದೇ ಕಾದಂಬರಿ ಪತ್ತೇದಾರ ಜುಲೈ ತಿಂಗ್ಳಲ್ಲಿ ಆಗುಂಬೇಲಿ ಬೂಟಿನ ಗುರುತಿಗೆ ಪ್ಲಾಸ್ಟರ್ ಹೊಯ್ತಾನೆ. ವರ್ಷಕ್ಕೆ 7,000 ಮಿಲಿಮೀಟರ್ ದಾಟೋ ಮಳೆ ಅದು. ಪ್ಲಾಸ್ಟರ್ ಕಲಸೋ ಹೊತ್ತಿಗೆ ಬೂಟಿನ ಗುರುತು ಘಟ್ಟ ಇಳಿದು ಸೀತಾನದಿ ಸೇರಿ ಅರಬ್ಬೀ ಸಮುದ್ರದ ದಾರಿ ಹಿಡ್ದಿರುತ್ತೆ. ಅವನು ಅಲ್ಲೇ ನಿಂತು ಸಿಗರೇಟೂ ಹಚ್ತಾನೆ. ಒಂದೇ ಕಡ್ಡಿಗೆ! ನಮ್ಮನೇಲಿ ಆ ತಿಂಗ್ಳು ದೇವ್ರ ದೀಪ ಹಚ್ಚೋಕೆ ಅರ್ಧ ಪೆಟ್ಟಿಗೆ ಬೇಕು. ಇನ್ನು ಕೊಲೆಗಾರ ರಾತ್ರಿ ಹನ್ನೆರಡಕ್ಕೆ ಸಿಗಂದೂರು ಲಾಂಚ್ ಹತ್ತಿ ಶರಾವತಿ ಹಿನ್ನೀರು ದಾಟಿ ತಪ್ಪಿಸ್ಕೋತಾನೆ. ಲಾಂಚು ಓಡ್ತಿದ್ದ ಕಾಲದಲ್ಲೇ ಕತ್ತಲಾದ್ಮೇಲೆ ಓಡ್ತಿರಲಿಲ್ಲ, ಹೆರಿಗೆ ನೋವು ಬಂದವ್ರೇ ದಡದಲ್ಲಿ ಕೂರ್ಬೇಕಿತ್ತು, ಕೊಲೆಗಾರನಿಗೆ ಸ್ಪೆಷಲ್ ಟ್ರಿಪ್ಪಾ? ಅದೂ ಹೋಗ್ಲಿ, 14 ಜುಲೈ 2025ಕ್ಕೆ ಅಲ್ಲಿ ಸೇತುವೆ ಉದ್ಘಾಟನೆ ಆಯ್ತು, ಈಗ ಸೇತುವೆ ಮೇಲೆ ಓಡಿದ್ರೆ ಎರಡು ಕಿಲೋಮೀಟರ್ ಉದ್ದಕ್ಕೂ ಸೆಲ್ಫಿ ತೆಗೆಯೋರು, ಒಬ್ಬೊಬ್ರ ಫೋನಲ್ಲೂ ಅವನ ಮುಖ ಇರುತ್ತೆ.

ನಾನೇನು ಪತ್ತೇದಾರಿ ವಿರೋಧಿ ಅಲ್ಲ ಮತ್ತೆ. ನಾನು ಕನ್ನಡ ಓದೋಕೆ ಕಲ್ತಿದ್ದೇ ಕಾದಂಬರಿಕಾರ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಂದ, ಪಠ್ಯಪುಸ್ತಕದಿಂದ ಅಲ್ಲ. ಆ ಮನುಷ್ಯ ಶಾಲೆಗೆ ಹೋಗಿದ್ದು ನಾಲ್ಕನೇ ಕ್ಲಾಸು, ಬರೆದಿದ್ದು ಐನೂರಕ್ಕೂ ಜಾಸ್ತಿ ಕಾದಂಬರಿ, ಅವ್ರಿಂದಾಗಿ ಓದುಗರಾದವ್ರನ್ನ ಲೆಕ್ಕ ಇಟ್ಟವ್ರಿಲ್ಲ. ನಮ್ಮೂರ ಬಸ್‌ಸ್ಟ್ಯಾಂಡ್ ಹತ್ರ ಒಂದು ಬಾಡಿಗೆ ಲೈಬ್ರರಿ ಇತ್ತು, ದಿನಕ್ಕೆ ಎಂಟಾಣೆ. ಅಲ್ಲಿ ಪುಸ್ತಕ ತಂದ್ರೆ ಮೂರನೇ ಪುಟದಲ್ಲೇ ನೀಲಿ ಇಂಕಲ್ಲಿ ಯಾರೋ ಮಹಾನುಭಾವ ಬರ್ದಿರ್ತಿದ್ದ, "ಕೊಲೆಗಾರ ಡಾಕ್ಟ್ರು". ಕೆಳಗೆ ಬೇರೆ ಕೈಬರಹ, "ಸುಳ್ಳು, ನಂಬ್ಬೇಡಿ, ಡ್ರೈವರ್". ಅದ್ರ ಕೆಳಗೆ ಪೆನ್ಸಿಲಲ್ಲಿ, "ಇಬ್ರೂ ಓದಿಲ್ಲ". ಮೂವರನ್ನೂ ಡೌಟಲ್ಲೇ ಇಟ್ಕೊಂಡು ರಾತ್ರಿಯೆಲ್ಲಾ ಓದಿ ಕೊನೆಗೆ ಬಂದ್ರೆ ಕೊನೆ ಎರಡು ಪುಟ ಇಲ್ಲ, ಯಾರೋ ಹರ್ಕೊಂಡು ಹೋಗಿದಾರೆ. ಮೂವತ್ತು ವರ್ಷದ ಮೇಲಾಯ್ತು, ಆ ಜಮೀನ್ದಾರನ್ನ ಕೊಂದಿದ್ಯಾರು ಅಂತ ನಂಗಿನ್ನೂ ಗೊತ್ತಿಲ್ಲ. ಲೈಬ್ರರಿಯವ್ರನ್ನ ಕೇಳಿದ್ದೆ. "ಪುಟ ಹರಿದ್ರೆ ಫೈನ್" ಅಂತ ನನ್ ಹತ್ರಾನೇ ಎರಡ್ ರೂಪಾಯಿ ಇಸ್ಕೊಂಡ್ರು. ಮೊದಲ ಸಲ ಆರೋಪಿ ಆಗಿದ್ದು ಆಗ.

ಆ ಕಾಲದ ಪತ್ತೇದಾರನಿಗೆ ಮಂಜು ಬೇಕಿರಲಿಲ್ಲ, ಹಿಂದೆ ಹೆಂಡ್ತಿ ಸತ್ತಿರೋ ದುಃಖ ಬೇಕಿರಲಿಲ್ಲ, ಕುಡಿತ ಬೇಕಿರಲಿಲ್ಲ. ಎದ್ದ, ಹುಡುಕ್ದ, ಹಿಡ್ದ. ಈಗಿನವ್ನು ಅರ್ಧ ಪುಸ್ತಕ ಕಿಟಕಿಲಿ ಮಳೆ ನೋಡ್ತಾನೆ.

ಷರ್ಲಾಕ್ ಹೋಮ್ಸನೇ ಇಲ್ಲಿಗೆ ಬಂದ ಅಂತಿಟ್ಕೊಳ್ಳಿ. 1893ರಲ್ಲಿ ಅವನ ಲೇಖಕ ಬೇಜಾರಾಗಿ ಅವನನ್ನ ಸ್ವಿಟ್ಜರ್ಲೆಂಡಿನ ರೈಕನ್‌ಬಾಕ್ ಜಲಪಾತಕ್ಕೆ ತಳ್ಳಿಬಿಟ್ಟ, ಓದುಗರು ಬಿಡ್ಲಿಲ್ಲ, 1903ರಲ್ಲಿ ಎಬ್ಬಿಸ್ಬೇಕಾಯ್ತು. ಅದೇ ದೃಶ್ಯ ಜೋಗದಲ್ಲಿ ಇಟ್ಟಿದ್ರೆ? 253 ಮೀಟರ್, ಜಾಗ ಭರ್ಜರಿನೇ, ಆದ್ರೆ ಹೋಮ್ಸ್ ಮತ್ತು ಅವನ ವೈರಿ ಪ್ರೊಫೆಸರ್ ಇಬ್ರೂ ಮಾರ್ಚ್‌ಲಿ ಬಂದು ನಿಂತ್ರೆ ಎದ್ರಿಗೆ ಒಣ ಬಂಡೆ, ಸಣ್ಣಗೆ ಎರಡು ಎಳೆ ನೀರು, ಯಾಕಂದ್ರೆ ನೀರೆಲ್ಲಾ ಲಿಂಗನಮಕ್ಕಿಲಿ ಕರೆಂಟಿಗೆ ನಿಂತಿರುತ್ತೆ. ಜೀವನ್ಮರಣದ ಹೋರಾಟಕ್ಕೆ ನೀರು ಬಿಡ್ಸಿ ಅಂತ ಇಬ್ರೂ ಸೇರಿ ಜಿಲ್ಲಾಧಿಕಾರಿಗೆ ಅರ್ಜಿ ಕೊಡ್ಬೇಕು. ಅಷ್ಟರಲ್ಲಿ ಇಬ್ರೂ ದೋಸ್ತಿಗಳಾಗಿ ಚುರುಮುರಿ ತಿಂತಿರ್ತಾರೆ.

ಖಾಸಗಿ ಪತ್ತೇದಾರ ಅನ್ನೋ ಪ್ರಾಣಿಗೆ ನಮ್ಮ ದೇಶದಲ್ಲಿ ಇವತ್ತಿಗೂ ಅದಕ್ಕಂತಾನೇ ಒಂದು ಕಾನೂನಿಲ್ಲ. 2007ರಲ್ಲಿ ರಾಜ್ಯಸಭೇಲಿ ಮಸೂದೆ ಬಂತು, ಅದು ಎಲ್ಲೋಯ್ತು ಅಂತ ಪತ್ತೆ ಹಚ್ಚೋಕೆ ಇನ್ನೊಬ್ಬ ಪತ್ತೇದಾರ ಬೇಕು. ಇರೋರು ಮಾಡೋದು ಹೆಚ್ಚಾಗಿ ಮದ್ವೆಗೆ ಮುಂಚಿನ ವಿಚಾರಣೆ, ಹುಡುಗ ಕುಡೀತಾನಾ, ಸಾಲ ಇದ್ಯಾ ಇಂತದ್ದು. ಆ ಕೆಲ್ಸ ನಮ್ ಕಡೆ ಖಾಸಗಿ ಬಸ್ ಕಂಡಕ್ಟರು ಟಿಕೆಟ್ ಹರೀತಾ ಹರೀತಾ ಬಿಟ್ಟಿಲೇ ಮಾಡ್ತಾರೆ.

ಕಾನೂನು ಅಂದ್ರೆ ನೆನಪಾಯ್ತು. 1 ಜುಲೈ 2024ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಕೊಲೆ ಕಲಂ ಮೊದಲು 302, ಈಗ 103. ಆದ್ರೆ ಕಾದಂಬರಿ ಇನ್‌ಸ್ಪೆಕ್ಟರ್ ಇನ್ನೂ ಟೇಬಲ್ ಕುಟ್ಟಿ "302 ಹಾಕಿ ಒಳಗೆ ಹಾಕ್ತೀನಿ" ಅಂತಾನೇ ಇದಾನೆ. ಪಾಪ, 103 ಅಂದ್ರೆ ಜ್ವರ ಇದ್ದಂಗೆ ಕೇಳುತ್ತೆ. 420 ಹೋಗಿದ್ದಂತೂ ದೊಡ್ಡ ನಷ್ಟ, "ಅವ್ನೊಬ್ಬ 318ರ ನಾಲ್ಕನೇ ಉಪವಿಧಿ" ಅಂತ ಬೈದ್ರೆ ಬೈದಂಗೇ ಆಗಲ್ಲ.

ನಂಗೂ ಒಂದು ತನಿಖೆ ಅನುಭವ ಇದೆ. ಹೋದ ಬೇಸಿಗೇಲಿ ಹೊಳೆ ಹತ್ರದ ಪಂಪ್‌ಸೆಟ್ ಕೇಬಲ್ ಕಡ್ಕೊಂಡ್ ಹೋದ್ರು. ಯಾವ ಸ್ಟೇಷನ್ ಅಂತ ಹೇಳಲ್ಲ, ಎಲ್ಲಾ ಸ್ಟೇಷನ್ನೂ ಒಂದೇ ತರ ಇರೋದ್ರಿಂದ ಹೇಳೋ ಅಗತ್ಯಾನೂ ಇಲ್ಲ. ಅಲ್ಲೇ ಬೇಲಿ ತಂತಿಗೆ ಸಿಕ್ಕಿದ್ದ ಅಂಗಿ ತುಂಡು, ಒಂದು ಗುಟ್ಕಾ ಪ್ಯಾಕೆಟ್, ಬೀಡಿ ಮೋಟು ಮೂರು, ಎಲ್ಲಾ ಪ್ಲಾಸ್ಟಿಕ್ ಕವರಲ್ಲಿ ಹಾಕಿ ತಗೊಂಡು ಹೋಗಿದ್ದೆ, ಓದಿದ ಕಾದಂಬರಿ ಸುಮ್ನೆ ಹೋಗ್ಬಾರ್ದಲ್ಲ. ಅವ್ರು ಕವರ್ ನೋಡಿ "ಕಸ ಹೊರಗೆ ಹಾಕಿ ಬನ್ನಿ" ಅಂದ್ರು. ಆಮೇಲೆ ಪೆನ್ನು ತೆಗೆದು ಕೇಳಿದ್ರು, "ಯಾರ ಮೇಲಾದ್ರೂ ಡೌಟ್ ಇದ್ಯಾ?"

ಅಷ್ಟೇ. ಅದೇ ತನಿಖೆ. ನಂಗೆ ಡೌಟ್ ಇದ್ರೆ ಹೆಸ್ರು ಕೊಡ್ಬೇಕು, ಡೌಟ್ ಇಲ್ಲ ಅಂದ್ರೆ ಮನೆಗೆ ಹೋಗ್ಬೇಕು. ಹೊಸ ಕಾನೂನಲ್ಲಿ ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಇರೋ ಅಪರಾಧಕ್ಕೆ ಫೊರೆನ್ಸಿಕ್‌ನೋರು ಸ್ಥಳಕ್ಕೆ ಬರ್ಬೇಕಂತೆ, ಕಳ್ಳತನಕ್ಕೆ ಮೂರೇ ವರ್ಷ, ಹಾಗಾಗಿ ನನ್ ಬೀಡಿ ಮೋಟಿಗೆ ಬೆಲೆ ಇಲ್ಲ. ಐದು ಸಾವಿರದ ಒಳಗಿನ ಮಾಲು, ಮೊದಲ ಸಲ ಸಿಕ್ಕಿಬಿದ್ದೋನು, ಮಾಲು ವಾಪಸ್ ಕೊಟ್ರೆ ಬರೀ ಸಮುದಾಯ ಸೇವೆ ಅಂತಾನೂ ಇದೆ. ಆ ಸಮುದಾಯ ಸೇವೆ ಅಂದ್ರೆ ನಮ್ ತೋಟದಲ್ಲಿ ಕೊನೆ ತೆಗೆಯೋದು ಅಂತ ಯಾರಾದ್ರೂ ಆರ್ಡರ್ ಮಾಡ್ಲಿ, ಉಳಿದ ಕೇಬಲ್ಲೂ ನಾನೇ ಸುತ್ತಿ ಗೇಟಿನ ಹತ್ರ ಇಡ್ತೀನಿ.

ಇಷ್ಟು ನಗಾಡ್ಕೊಂಡು ಬರೆಯೋಕೆ ಆಗುತ್ತೆ. ಮುಂದಿಂದು ಆಗಲ್ಲ.

ಮಲೆನಾಡಲ್ಲಿ ಸೀರಿಯಲ್ ಕಿಲ್ಲರ್ ಬೇಕಾ ನಿಮ್ಗೆ? ಇದಾನೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಪತ್ತೆಯಾಯ್ತು, ಊರಿನ ಹೆಸರೇ ಇಟ್ರು, ನಾವು ಮಂಗನ ಕಾಯಿಲೆ ಅಂತೀವಿ. ಮೊದಲ ಹೆಣ ಹೆಚ್ಚಾಗಿ ಮಂಗನದ್ದು. ಆಮೇಲೆ ಸೌದೆಗೆ, ಸೊಪ್ಪಿಗೆ, ತರಗು ಗುಡಿಸೋಕೆ ಕಾಡಿಗೆ ಹೋದವ್ರು. ಆಯುಧ ಗೊತ್ತು, ಉಣುಗು, ಅಂದ್ರೆ ರಕ್ತ ಹೀರೋ ಉಣ್ಣಿ. ಬರೋ ಕಾಲ ಗೊತ್ತು, ಮಳೆ ನಿಂತು ಎಲೆ ಒಣಗಿದ್ಮೇಲೆ. ಬಡವ್ರೇ ಜಾಸ್ತಿ ಸಾಯೋದು ಅಂತಾನೂ ಗೊತ್ತು. 2019ರಲ್ಲಿ ಅರಳಗೋಡಲ್ಲಿ ಈ ಕಾಯಿಲೆಗೆ ಸಾಲಾಗಿ ಜನ ಸತ್ತಿದ್ದನ್ನ ಸಾಗರದ ಕಡೆಯವ್ರಿಗೆ ನಾನು ಹೇಳ್ಬೇಕಾಗಿಲ್ಲ. ಇಂತದ್ದೇ ಅಂತ ಔಷಧಿ ಇಲ್ಲ. ಇದ್ದ ಲಸಿಕೆ ಸರಿಯಾಗಿ ಕೆಲ್ಸ ಮಾಡಲ್ಲ ಅಂತ 2022ರಲ್ಲಿ ನಿಲ್ಸಿದ್ರು, ಹೊಸದು ಬರುತ್ತೆ ಅಂತಿದಾರೆ, ಬರ್ಲಿ. ಅರವತ್ತು ವರ್ಷದ ಮೇಲಾಯ್ತಲ್ರೀ. ಎಲ್ಲಾ ಗೊತ್ತಿದ್ದೂ ಹಿಡಿಯೋಕೆ ಆಗದ ಕೊಲೆಗಾರನ ಬಗ್ಗೆ ಒಂದು ಥ್ರಿಲ್ಲರ್ ಇಲ್ಲ, ಮಂಜಲ್ಲಿ ನಿಂತು ಕಿರುಚೋ ಟಿವಿ ಇಲ್ಲ, ಯಾಕಂದ್ರೆ ಉಣುಗಿಗೆ ಕಪ್ಪು ಕೋಟ್ ಹಾಕ್ಸೋಕೆ ಆಗಲ್ಲ, ಅದಕ್ಕೆ ಫ್ಲ್ಯಾಶ್‌ಬ್ಯಾಕ್ ಇಲ್ಲ, ಸತ್ತವಳ ಫೋಟೋ ರೇಷನ್ ಕಾರ್ಡಲ್ಲಿ ಬಿಟ್ರೆ ಬೇರೆಲ್ಲೂ ಇಲ್ಲ. ಸಾಕಾಗಿದೆ.

ಹೋದ ಶುಕ್ರವಾರ ನಮ್ಮ ಹೆಣ ಡ್ಯೂಟಿಗೆ ಹೊರಟಿದ್ದ. ಈ ಸಲ ಕಾಫಿ ಗಿಡ ಅಲ್ಲ, ಕಾಡಂಚಲ್ಲಿ ತರಗೆಲೆ ರಾಶಿ ಮೇಲೆ ಮಲಗ್ಸ್ತಾರಂತೆ, ಫೋಟೋಗೆ ಚೆನ್ನಾಗಿ ಬರುತ್ತೆ ಅಂತ. ನಾನು ಬೈದು, ಆಶಾ ಕಾರ್ಯಕರ್ತೆ ನಮ್ಮನೇಲಿ ಕೊಟ್ಟು ಹೋಗಿದ್ದ, ಉಣುಗು ಕಚ್ಚದಂಗೆ ಹಚ್ಚೋ ಡೆಪಾ ಎಣ್ಣೆ ಬಾಟ್ಲಿ ಕೊಟ್ಟೆ, ಕೈಕಾಲಿಗೆ ಸರಿಯಾಗಿ ಹಚ್ಕೊಂಡು ಸಾಯಿ ಅಂದೆ.

ಭಾನುವಾರ ಸಂಜೆ ಫೋನ್ ಮಾಡ್ದ. ಬೆಂಗ್ಳೂರಿನ ಒಂದು ಟೀಮಿಗೆ ಫಸ್ಟ್ ಪ್ರೈಜ್ ಬಂತಂತೆ. ಹೆಣದ ಮೈಮೇಲೆ ಎಣ್ಣೆ ಜಿಡ್ಡು ಕಂಡುಹಿಡಿದ್ರಂತೆ, ಚರ್ಮದ ಮೂಲಕ ವಿಷ ಏರಿಸಿದಾರೆ, ಚಾಕು ಬರೀ ದಾರಿ ತಪ್ಪಿಸೋಕೆ ಅಂತ ವಿವರ್ಸಿದ್ರಂತೆ, ಓನರಿಗೇ ಖುಷಿಯಾಗಿ ಒಂದು ಜೇನುತುಪ್ಪದ ಬಾಟ್ಲಿ ಕೊಟ್ರಂತೆ.

"ನಾಳೆ ಬೆಳಿಗ್ಗೆ ಏಳಕ್ಕೆ ಬರ್ತೀನಿ ಅಣ್ಣ, ದೋಟಿ ರೆಡಿ ಇಡಿ" ಅಂದ.

ಇವತ್ತು ಬುಧವಾರ.